ಕುಂಬಾರನಿಗೆ ವರುಷ, ಸಹಿಗೆ ನಿಮಿಷ

ನಮ್ಮ ಗಾದೆ ಕಟ್ಟಿದವರಿಗೆ ಲೋಕಜ್ಞಾನ ಇತ್ತು, ಮಾರುಕಟ್ಟೆಯ ಜ್ಞಾನ ಸಾಲದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ಹೇಳಿ ಸುಮ್ಮನಾದರು. ಆ ನಿಮಿಷಕ್ಕೆ ದರ ಎಷ್ಟು, ಜಿಎಸ್‌ಟಿ ಎಷ್ಟು, ಫೋಟೊ ಹಕ್ಕು ಯಾರದು ಎಂಬುದನ್ನು ಹೇಳಲಿಲ್ಲ. ಅವರ ಕಾಲದಲ್ಲಿ ಮಡಕೆ ಒಡೆದವನಿಗೆ ಸಿಗುತ್ತಿದ್ದುದು ಬೈಗುಳ ಒಂದೇ. ಈಗ ದೊಣ್ಣೆಗೆ ಗ್ಯಾಲರಿ ಇದೆ, ಕ್ಯುರೇಟರ್ ಇದ್ದಾರೆ, ವಿಮೆ ಇದೆ.

ಚೀನಾದ ಕಲಾವಿದ ಐ ವೇಯ್‌ವೇಯ್ 1995ರಲ್ಲಿ ಹಾನ್ ರಾಜವಂಶದ ಕಾಲದ, ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಹಳೆಯ ಮಡಕೆಯೊಂದನ್ನು ಎತ್ತಿ ಹಿಡಿದು ನೆಲಕ್ಕೆ ಬಿಟ್ಟರು. ಮೂರು ಕಪ್ಪುಬಿಳುಪು ಫೋಟೊಗಳು: ಮಡಕೆ ಕೈಯಲ್ಲಿ, ಮಡಕೆ ಗಾಳಿಯಲ್ಲಿ, ಮಡಕೆ ಕಾಲಬುಡದಲ್ಲಿ. ಹಳೆಯದನ್ನೆಲ್ಲ ಒಡೆದು ಹಾಕಿ ಎಂದು ಮಾವೋ ಕರೆ ಕೊಟ್ಟಿದ್ದ ನಾಡಿನಲ್ಲಿ ಅದಕ್ಕೊಂದು ಕಹಿಯಾದ ಅರ್ಥ ಇತ್ತು, ಒಪ್ಪೋಣ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಅಮೆರಿಕದ ಮಯಾಮಿಯ ಮ್ಯೂಸಿಯಮ್ಮಿನಲ್ಲಿ ಇದೇ ಫೋಟೊಗಳ ಮುಂದೆ ಐ ಅವರು ಬಣ್ಣ ಬಳಿದ ಮಡಕೆಗಳ ಸಾಲು ಇಡಲಾಗಿತ್ತು. ಊರಿನ ಕಲಾವಿದನೊಬ್ಬ ಬಂದ, ಒಂದನ್ನು ಎತ್ತಿದ, ನೆಲಕ್ಕೆ ಬಿಟ್ಟ. ಮ್ಯೂಸಿಯಮ್ಮಿನಲ್ಲಿ ಸ್ಥಳೀಯರಿಗೆ ಜಾಗ ಸಿಗುತ್ತಿಲ್ಲ ಎಂಬುದು ಅವನ ಪ್ರತಿಭಟನೆ. ಪೊಲೀಸರು ಬಂದರು, ದಾಖಲೆಯಲ್ಲಿ ಮಡಕೆಯ ಬೆಲೆ ಹತ್ತು ಲಕ್ಷ ಡಾಲರ್ ಎಂದು ಬರೆದುಕೊಂಡರು. ಐ ಅವರಿಗೂ ಇದು ಹಿಡಿಸಲಿಲ್ಲ. ಸ್ವಂತದ್ದನ್ನು ಒಡೆಯುವುದು ಬೇರೆ, ಪರರದ್ದನ್ನು ಒಡೆಯುವುದು ಬೇರೆ ಎಂಬುದು ಅವರ ವಾದದ ತಿರುಳು. ಹಾಗಾದರೆ ಹಾನ್ ಕಾಲದ ಆ ಕುಂಬಾರ ಯಾರಿಗೆ ಸ್ವಂತ? ಅವನು ದೂರು ಕೊಡಲು ಬರಲಿಲ್ಲ. ಕುಂಬಾರರು ಸಾಮಾನ್ಯವಾಗಿ ಬರುವುದಿಲ್ಲ.

ನಮ್ಮ ಮಸಣಗಳಲ್ಲಿ ಹಿರಿಮಗ ನೀರು ತುಂಬಿದ ಗಡಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಚಿತೆಗೆ ಮೂರು ಸುತ್ತು ಬರುತ್ತಾನೆ. ಸುತ್ತಿಗೊಂದು ತೂತು. ಮೂರನೆಯ ಸುತ್ತಿಗೆ ಗಡಿಗೆಯನ್ನು ಬೆನ್ನ ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ನಡೆಯುತ್ತಾನೆ. ಶಬ್ದ ಇದೆ, ನೀರಿದೆ, ಸಾವಿದೆ, ಒಡೆಯುವುದಕ್ಕೊಂದು ಅರ್ಥವೂ ಇದೆ. ಇಷ್ಟಿದ್ದರೂ ಅದನ್ನು ಕಲೆ ಎಂದು ಯಾರೂ ಕರೆದಿಲ್ಲ. ಯಾಕೆಂದರೆ ಅಲ್ಲಿ ಮೂರು ಫೋಟೊ ತೆಗೆದು ಕೆಳಗೆ ಸಹಿ ಮಾಡುವವರಿಲ್ಲ.

ಕರಕುಶಲಕ್ಕೂ ಕಲೆಗೂ ನಡುವೆ ಇದ್ದ ಗೋಡೆ ಬಿದ್ದುಹೋಗಿದೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಬರುತ್ತಲೇ ಇದೆ. ಲಂಡನ್ನಿನಲ್ಲಿ ಬಿತ್ತು, ನ್ಯೂಯಾರ್ಕಿನಲ್ಲಿ ಬಿತ್ತು. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮೊದಲ ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕ ನಡೆದಾಗ ನಮ್ಮಲ್ಲೂ ಬಿತ್ತು. ಮಣ್ಣು ಹಿಡಿದ ಕೈಗೆ ಗೌರವ ಬಂದರೆ ಯಾರಿಗೆ ಬೇಸರ? ಗೋಡೆ ಬಿದ್ದದ್ದು ನಿಜ. ಆದರೆ ಬಿದ್ದ ಜಾಗದಲ್ಲಿ ಟೋಲ್ ಗೇಟ್ ಎದ್ದಿದೆ. ಮಣ್ಣು ದಾಟಬಹುದು, ತಂತ್ರ ದಾಟಬಹುದು, ಆವಿಗೆಯ ಹೊಗೆಯೂ ದಾಟಬಹುದು. ಕುಂಬಾರನ ಹೆಸರು ಮಾತ್ರ ಫಾಸ್ಟ್ಯಾಗ್ ಇಲ್ಲದೆ ಅಲ್ಲೇ ನಿಂತಿದೆ.

ದಾಟುವ ವಿಧಾನವನ್ನು ತಿಳಿಯಬಯಸುವವರ ಅನುಕೂಲಕ್ಕಾಗಿ ನಾಲ್ಕು ಸೂತ್ರಗಳನ್ನು ಕೆಳಗೆ ಕೊಟ್ಟಿದೆ.

ಮೊದಲನೆಯ ಸೂತ್ರ: ನೀರು ನಿಲ್ಲಬಾರದು.

ಸಂತೆಯಲ್ಲಿ ಅಜ್ಜಿ ಮಡಕೆಯನ್ನು ಕಿವಿಯ ಹತ್ತಿರ ತಂದು ಗೆಣ್ಣಿನಿಂದ ತಟ್ಟುತ್ತಾಳೆ. ‘ಟಣ್’ ಎಂದರೆ ಚೀಲಕ್ಕೆ, ‘ದಬ್’ ಎಂದರೆ ವಾಪಸ್ಸು. ಗ್ಯಾಲರಿಯಲ್ಲಿ ಇದರ ತದ್ವಿರುದ್ಧ. ಪೀಟರ್ ವೋಲ್ಕೋಸ್ ಎಂಬ ಅಮೆರಿಕದ ಕುಂಬಾರ 1950ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಮಡಕೆಗಳನ್ನು ಸೀಳಿ, ತೂತು ಕೊರೆದು, ಒಂದರ ಮೇಲೊಂದು ಪೇರಿಸಿ ನಿಲ್ಲಿಸತೊಡಗಿದರು. ಚಿತ್ರಕಾರರು ಕ್ಯಾನ್ವಾಸಿನ ಮೇಲೆ ಆಡುತ್ತಿದ್ದ ಆಟವನ್ನು ಅವರು ಮಣ್ಣಿನಲ್ಲಿ ಆಡಿದರು. ತಿಗರಿಯ ಮೇಲೆ ಅಸಾಧ್ಯ ಕೈಚಳಕ ಇದ್ದ ಮನುಷ್ಯ, ತಾನು ಏನನ್ನು ಒಡೆಯುತ್ತಿದ್ದೇನೆ ಎಂಬುದು ಗೊತ್ತಿದ್ದು ಒಡೆದವರು. ಅವರ ಹಿಂದೆ ಬಂದವರಲ್ಲಿ ಹಲವರಿಗೆ ತೂತು ಮಾತ್ರ ಸಿಕ್ಕಿತು.

ನೀರು ನಿಲ್ಲುವ ಮಡಕೆಯನ್ನೇ ಮಾಡುವ ಹಟ ನಿಮಗಿದ್ದರೆ ಇನ್ನೊಂದು ದಾರಿ ಇದೆ. ಅದನ್ನು ಕೈಗೆಟುಕದ ಕಡೆ ಇಡಿ. ಬ್ರಿಟನ್ನಿನ ಕುಂಬಾರ ಎಡ್ಮಂಡ್ ಡಿ ವಾಲ್ 2009ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ತಾವೇ ತಿಗರಿಯಲ್ಲಿ ಎತ್ತಿದ 425 ಪಿಂಗಾಣಿ ಪಾತ್ರೆಗಳನ್ನು ಗುಮ್ಮಟದ ಒಳಸುತ್ತಿನ ಕೆಂಪು ಲೋಹದ ಕಪಾಟಿನಲ್ಲಿ ಸಾಲಾಗಿ ಇಟ್ಟರು. ಕೆಳಗೆ ನಿಂತವರು ಕತ್ತು ಎತ್ತಿ ನೋಡಬೇಕು. ಸುಂದರವಾಗಿಯೇ ಇದೆ. ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಹೀಗೇ ಗಡಿಗೆಗಳು ಸಾಲಾಗಿ ಕೂತಿದ್ದವು. ಅವುಗಳಲ್ಲಿ ಉಪ್ಪಿನಕಾಯಿ ಇದ್ದುದರಿಂದ ಅವಕ್ಕೆ ಕಲೆಯ ಯೋಗ ಬರಲಿಲ್ಲ.

ಎರಡನೆಯ ಸೂತ್ರ: ಟಿಪ್ಪಣಿ ಮಡಕೆಗಿಂತ ಭಾರವಿರಬೇಕು.

ಮಡಕೆ ತಾನಾಗಿ ಏನನ್ನೂ ಹೇಳಬಾರದು. ಹೇಳಲು ಗೋಡೆಯ ಮೇಲೆ ಕಾನ್ಸೆಪ್ಟ್ ನೋಟ್ ಇರುತ್ತದೆ. ಮಾದರಿಗೆ ಒಂದು: ‘ಈ ಕೃತಿಯು ಶೂನ್ಯ ಮತ್ತು ಆವರಣಗಳ ನಡುವಿನ ಉದ್ವಿಗ್ನ ಸಂವಾದವನ್ನು ಶೋಧಿಸುತ್ತದೆ. ಮಣ್ಣಿನ ಸ್ಮೃತಿ, ಬೆಂಕಿಯ ರಾಜಕಾರಣ ಹಾಗೂ ಸೋರಿಕೆಯ ತಾತ್ವಿಕತೆಯನ್ನು ಮುನ್ನೆಲೆಗೆ ತರುತ್ತಾ ನೋಡುಗನ ಸ್ಥಿರತೆಯನ್ನೇ ಪ್ರಶ್ನಿಸುತ್ತದೆ.’ ಇದನ್ನೇ ಸಂತೆಯ ಅಜ್ಜಿ ಎರಡು ಪದಗಳಲ್ಲಿ ಹೇಳುತ್ತಿದ್ದಳು: ‘ಸೋರ್ತದೆ, ಬ್ಯಾಡ.’

ಟಿಪ್ಪಣಿ ಇಲ್ಲದ ಕಾರಣಕ್ಕೆ ನಾವು ಎಷ್ಟು ಕಳೆದುಕೊಂಡಿದ್ದೇವೆ ನೋಡಿ. ಬ್ರಿಟನ್ನಿನ ಗ್ರೇಸನ್ ಪೆರಿ ತಮ್ಮ ಹೂದಾನಿಗಳ ಮೇಲೆ ಮೈಥುನ, ಮನೆಯೊಳಗಿನ ಹಿಂಸೆ, ಮಧ್ಯಮವರ್ಗದ ಸೋಗು ಎಲ್ಲವನ್ನೂ ಚಿತ್ರಿಸಿ 2003ರಲ್ಲಿ ಟರ್ನರ್ ಪ್ರಶಸ್ತಿ ಗೆದ್ದರು. ಸೊಗಸಾದ ಹೂದಾನಿಯ ಮೇಲೆ ಇಂಥ ಚಿತ್ರವೇ ಎಂದು ಜನ ಬೆಚ್ಚಿದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಭಾದ್ರಪದ ಬಂದರೆ ಮಣ್ಣಿನ ಜೋಕುಮಾರ ಸಿದ್ಧ. ಅಗಲ ಬಾಯಿ, ಕುಡಿಮೀಸೆ, ಜೊತೆಗೆ ಮುಚ್ಚುಮರೆ ಇಲ್ಲದ ಗಂಡಸುತನ. ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಕೂರಿಸಿ, ತುಟಿಗೆ ಬೆಣ್ಣೆ ಸವರಿ, ಹೆಣ್ಣುಮಕ್ಕಳೇ ಹೊತ್ತು ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಕೆಲವೇ ದಿನಗಳ ಬದುಕು, ಹುಣ್ಣಿಮೆಯ ಹೊತ್ತಿಗೆ ಸಾವು. ದೇಹ, ಲಿಂಗ, ಮಳೆ, ಬೆಳೆ, ಮರಣ ಎಲ್ಲವೂ ಒಂದೇ ಬುಟ್ಟಿಯಲ್ಲಿ. ಗ್ಯಾಲರಿಗೆ ಬಂದಿದ್ದರೆ ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ಬೋರ್ಡು ಬೀಳುತ್ತಿತ್ತು. ಹಳ್ಳಿಯಲ್ಲಿ ಮೊರದ ತುಂಬ ಜೋಳ ಕೊಟ್ಟು ಕಳಿಸುತ್ತಾರೆ.

ಪೆರಿಯವರ ಬಗ್ಗೆ ಇನ್ನೊಂದು ಮಾತು. ಪ್ರಶಸ್ತಿ ಸ್ವೀಕರಿಸಲು ಅವರು ಬಂದದ್ದು ಹೆಣ್ಣುಮಗುವಿನ ಫ್ರಾಕಿನಲ್ಲಿ. ಕಲಾಲೋಕಕ್ಕೆ ತನ್ನ ಫ್ರಾಕಿಗಿಂತ ತನ್ನ ಕುಂಬಾರಿಕೆಯನ್ನು ಅರಗಿಸಿಕೊಳ್ಳುವುದೇ ಕಷ್ಟವಾಯಿತು ಎಂಬರ್ಥದ ಮಾತನ್ನು ಆಗ ಆಡಿದರು. ಗೋಡೆ ಬಿದ್ದಿದೆ ಎಂದು ಸಾರುವ ಸಭೆಗಳಲ್ಲಿ ಈ ಮಾತನ್ನು ನೆನಪಿಸಬೇಡಿ, ಕಾಫಿ ಸಿಗುವುದಿಲ್ಲ.

ಮೂರನೆಯ ಸೂತ್ರ: ಹೆಸರಿರಬೇಕು. ಹೆಸರಿಲ್ಲದಿದ್ದರೆ ಅದಕ್ಕೂ ಹೆಸರು ಬಂದಿರಬೇಕು.

ಜಪಾನಿನ ಸೋಯೆತ್ಸು ಯಾನಾಗಿ ಅವರು ಅನಾಮಿಕ ಕುಶಲಕರ್ಮಿಯ ಸೌಂದರ್ಯವೇ ನಿಜವಾದ ಸೌಂದರ್ಯ ಎಂದು ಒಂದು ಚಳವಳಿಯನ್ನೇ ಕಟ್ಟಿದರು. ಅವರ ಗೆಳೆಯ ಶೋಜಿ ಹಮಾದ ಮಾಶಿಕೊ ಎಂಬ ಹಳ್ಳಿಗೆ ಹೋಗಿ ನೆಲೆಸಿ, ತಮ್ಮ ಮಡಕೆಗಳಿಗೆ ಸಹಿ ಹಾಕುವುದನ್ನು ಬಿಟ್ಟರು. ಜಪಾನ್ ಸರ್ಕಾರ 1955ರಲ್ಲಿ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಘೋಷಿಸಿತು. ಸಹಿ ಹಾಕದ ಹಮಾದ ಎಂದು ಲೋಕಪ್ರಸಿದ್ಧರಾದರು. ಮಡಕೆಗೆ ಸಹಿ ಇಲ್ಲದಿದ್ದರೇನು, ಮರದ ಪೆಟ್ಟಿಗೆಯ ಮೇಲೆ ಇರುತ್ತಿತ್ತು. ಕೊಳ್ಳುವವರು ಪೆಟ್ಟಿಗೆಯನ್ನು ಮಡಕೆಗಿಂತ ಜೋಪಾನ ಮಾಡುತ್ತಾರೆ. ನಮ್ಮ ಸಂತೆಯ ಕುಂಬಾರರೂ ಸಹಿ ಹಾಕಿದವರಲ್ಲ. ಹಮಾದ ಸಹಿ ಹಾಕದಿದ್ದದ್ದು ದರ್ಶನ, ಇವರು ಸಹಿ ಹಾಕದಿದ್ದದ್ದು ರೂಢಿ. ದರ್ಶನಕ್ಕೆ ಗಿರಾಕಿ ಇದ್ದಾರೆ. ರೂಢಿಗೆ ‘ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀಯಪ್ಪಾ’ ಎನ್ನುವವರಿದ್ದಾರೆ.

ಈ ಗುಟ್ಟನ್ನು ಚೆನ್ನಾಗಿ ಅರಿತವರು ಶಿಕಾಗೊದ ತಿಯಾಸ್ಟರ್ ಗೇಟ್ಸ್. ಕಪ್ಪು ಜನಾಂಗದ ಈ ಕುಂಬಾರ 2007ರಲ್ಲಿ ಯಾಮಾಗುಚಿ ಎಂಬ ಜಪಾನಿ ಗುರುವೊಬ್ಬನನ್ನು ಕಲ್ಪಿಸಿದರು. ಆತ ಮಿಸಿಸಿಪಿಗೆ ಬಂದು ಕಪ್ಪು ಹೆಣ್ಣುಮಗಳನ್ನು ಮದುವೆಯಾಗಿ ತಟ್ಟೆಗಳನ್ನು ಮಾಡಿದ ಎಂದು ಕಥೆ ಕಟ್ಟಿ, ತಾವೇ ಮಾಡಿದ ತಟ್ಟೆಗಳಲ್ಲಿ ಊಟ ಬಡಿಸಿದರು. ಜನ ನಂಬಿದರು, ಮೆಚ್ಚಿದರು. ಮಣ್ಣು ಅದೇ, ಕೈ ಅದೇ, ಬದಲಾದದ್ದು ಹೆಸರಿನ ಊರು ಮಾತ್ರ. ಇಷ್ಟು ಚೆನ್ನಾದ ವ್ಯಂಗ್ಯವನ್ನು ಬರೆಯಲು ನಮ್ಮಂಥವರಿಗೆ ಸಾಧ್ಯವಿಲ್ಲ, ಅವರು ಬಡಿಸಿಯೇ ತೋರಿಸಿದರು.

ನಾಲ್ಕನೆಯ ಸೂತ್ರ, ಬಹಳ ಮುಖ್ಯವಾದದ್ದು: ಸಹಿ ನಿಮ್ಮದಿರಲಿ, ಕೈ ಬೇರೆಯವರದಿರಲಿ.

ಅಮೆರಿಕದ ಕಲಾವಿದ ಜೆಫ್ ಕೂನ್ಸ್ 1988ರಲ್ಲಿ ಮೈಕೆಲ್ ಜಾಕ್ಸನ್ನನ್ನೂ ಅವನ ಚಿಂಪಾಂಜಿಯನ್ನೂ ಚಿನ್ನದ ಮೆರುಗಿನ ಪಿಂಗಾಣಿಯಲ್ಲಿ ಕೂರಿಸಿದರು. ಕೂರಿಸಿದವರು ಇಟಲಿಯ ಕುಶಲಕರ್ಮಿಗಳು, ಕೂನ್ಸ್ ಕಲ್ಪನೆ ಕೊಟ್ಟವರು. ಅದರ ಒಂದು ಪ್ರತಿ 2001ರಲ್ಲಿ 56 ಲಕ್ಷ ಡಾಲರಿಗೆ ಹರಾಜಾಯಿತು.

ಮತ್ತೆ ಐ ವೇಯ್‌ವೇಯ್ ಬಳಿಗೆ ಬರೋಣ. 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಮ್ಮಿನ ನೆಲದ ತುಂಬ ಸೂರ್ಯಕಾಂತಿ ಬೀಜ ಸುರಿದರು. ಹತ್ತು ಕೋಟಿ ಬೀಜಗಳು, ಒಂದೊಂದೂ ಪಿಂಗಾಣಿಯದು, ಒಂದೊಂದರ ಮೇಲೂ ಕುಂಚದ ಗೆರೆ. ಚೀನಾದ ಪಿಂಗಾಣಿ ಊರು ಜಿಂಗ್‌ಡೆಜೆನ್‌ನ ಸುಮಾರು 1,600 ಜನ ಎರಡೂವರೆ ವರ್ಷ ಕೂತು ಮಾಡಿದ್ದು. ಐ ಇದನ್ನು ಮುಚ್ಚಿಡಲಿಲ್ಲ, ಅವರ ಕೆಲಸದ ವಿಡಿಯೊವನ್ನೂ ತೋರಿಸಿದರು. ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆದರೂ ಲೋಕದ ನೆನಪಿನಲ್ಲಿ ಐ ಅವರಿಗೆ ಹೆಸರಿದೆ, ಉಳಿದವರಿಗೆ ಸಂಖ್ಯೆ ಇದೆ. ಮೊದಲು ಜನ ಬೀಜಗಳ ಮೇಲೆ ನಡೆದಾಡಬಹುದಿತ್ತು. ಕೆಲವೇ ದಿನಗಳಲ್ಲಿ ಪಿಂಗಾಣಿಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದು ಹಗ್ಗ ಕಟ್ಟಿ ನಿಲ್ಲಿಸಿದರು. ಕುಂಬಾರಿಕೆಯ ಧೂಳು ಎದೆಗೆ ಕೂರುತ್ತದೆ ಎಂಬ ಸಂಗತಿ ಕುಂಬಾರರಿಗೆ ತಲೆತಲಾಂತರದಿಂದ ಗೊತ್ತು. ಹಗ್ಗ ಕಟ್ಟಲು ಮಾತ್ರ ನೋಡುಗರು ಕೆಮ್ಮುವ ಭಯ ಬರಬೇಕಾಯಿತು. ಮರುವರ್ಷ ಅದೇ ಬಗೆಯ ನೂರು ಕಿಲೊ ಬೀಜ ಹರಾಜಿನಲ್ಲಿ ಮೂರೂವರೆ ಲಕ್ಷ ಪೌಂಡಿನ ಹತ್ತಿರ ಹೋಯಿತು. ತಿನ್ನಲು ಬಾರದ ಬೀಜಕ್ಕೆ ಇದೇ ಗರಿಷ್ಠ ಬೆಂಬಲ ಬೆಲೆ ಇರಬೇಕು.

ಈ ಸೂತ್ರದ ಮೂಲಪುರುಷ ಫ್ರಾನ್ಸಿನ ಕಲಾವಿದ ಮಾರ್ಸೆಲ್ ದ್ಯುಶಾಂ. 1917ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಖಾನೆಯ ಪಿಂಗಾಣಿ ಮೂತ್ರದೋಣಿಯೊಂದಕ್ಕೆ ‘ಆರ್. ಮಟ್’ ಎಂದು ಸಹಿ ಹಾಕಿ, ‘ಕಾರಂಜಿ’ ಎಂದು ಹೆಸರಿಟ್ಟು ಪ್ರದರ್ಶನಕ್ಕೆ ಕಳಿಸಿದರು. ಕಲಾವಿದ ಕೈಯಿಂದ ಏನನ್ನೂ ಮಾಡಬೇಕಿಲ್ಲ, ಆರಿಸಿದರೆ ಸಾಕು ಎಂಬುದು ಅದರ ಸಂದೇಶ. ಪ್ರದರ್ಶನದವರು ಒಪ್ಪಲಿಲ್ಲ, ಆಮೇಲೆ ಆ ಪಾತ್ರೆಯೂ ಕಳೆದುಹೋಯಿತು. 2004ರಲ್ಲಿ ಬ್ರಿಟನ್ನಿನ ಐನೂರು ಕಲಾತಜ್ಞರು ಆಧುನಿಕ ಕಲೆಯ ಅತ್ಯಂತ ಪ್ರಭಾವಿ ಕೃತಿ ಇದೇ ಎಂದು ಮತ ಹಾಕಿದರು. ಇಂದು ಮ್ಯೂಸಿಯಮ್ಮುಗಳಲ್ಲಿ ಜನ ಕೈಕಟ್ಟಿ ನಿಂತು ನೋಡುವುದು 1964ರ ಪ್ರತಿಗಳನ್ನು. ಆ ಮಾದರಿಯ ದೋಣಿ ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ, ಹಳೆಯ ಫೋಟೊ ನೋಡಿಕೊಂಡು ಕುಶಲಕರ್ಮಿಗಳು ಮಣ್ಣಿನಲ್ಲಿ ಮಾಡಿ, ಸುಟ್ಟು, ಕಾರ್ಖಾನೆಯ ಪಿಂಗಾಣಿಯಂತೆ ಕಾಣಲು ಬಣ್ಣ ಬಳಿದರು. ಕೈಕೆಲಸ ಬೇಡವೇ ಬೇಡ ಎಂದು ಸಾರಿದ ಕೃತಿಯನ್ನು ಕೈಕೆಲಸದವರೇ ಕೂತು ಬದುಕಿಸಿದ್ದಾರೆ! ಅದರಲ್ಲೊಂದು 1999ರಲ್ಲಿ ಹದಿನೇಳು ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅದನ್ನು ತಟ್ಟಿ ತಿದ್ದಿದ ಕೈಗಳ ಹೆಸರನ್ನು ಕೇಳಬೇಡಿ. ಕೇಳಿದರೆ ನಿಮಗೆ ಆಧುನಿಕ ಕಲೆ ಅರ್ಥವಾಗಿಲ್ಲ ಎಂದಾಗುತ್ತದೆ.

ಇಷ್ಟೆಲ್ಲ ಓದಿ, ಕರಕುಶಲ ಯಾವುದು ಕಲೆ ಯಾವುದು ಎಂಬ ಗೊಂದಲ ಉಳಿದಿದ್ದರೆ ಭಾರತ ಸರ್ಕಾರವನ್ನು ಕೇಳಿ. ವಿಮರ್ಶಕರು ನೂರು ವರ್ಷದಿಂದ ಬಗೆಹರಿಸಲಾಗದ್ದನ್ನು ತೆರಿಗೆ ಇಲಾಖೆ ಎರಡು ಸಾಲಿನಲ್ಲಿ ಬಗೆಹರಿಸಿದೆ. ಮಣ್ಣಿನ ಮಡಕೆಗೆ, ಹಣತೆಗೆ ಜಿಎಸ್‌ಟಿ ಸೊನ್ನೆ. ಕಲಾವಿದನ ಶಿಲ್ಪಕ್ಕೆ ತೆರಿಗೆ ಉಂಟು. ಅಂದರೆ ಮಡಕೆಯನ್ನು ಬೋರಲು ಹಾಕಿ ಶಿಲ್ಪ ಎಂದ ಕ್ಷಣದಿಂದ ನೀವು ರಾಷ್ಟ್ರನಿರ್ಮಾಣದಲ್ಲಿ ಪಾಲುದಾರರು. ಕುಂಬಾರನನ್ನೂ ಸರ್ಕಾರ ಕೈಬಿಟ್ಟಿಲ್ಲ. 2023ರ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ, ಉಪಕರಣಕ್ಕೆಂದು 15,000 ರೂಪಾಯಿ ನೆರವಿದೆ. ತಿಗರಿ ತಿರುಗಿಸಲು ದುಡ್ಡು ಬಂತು, ತಿಗರಿಯ ಮೇಲೆ ಇಡುವ ಮಣ್ಣು ಎಲ್ಲಿ? ಕೆರೆಯಂಗಳ ಲೇಔಟ್ ಆಗಿದೆ. ಬೆಂಗಳೂರಿನ ಬೆನ್ಸನ್ ಟೌನಿನ ಮಗ್ಗುಲಿಗೆ ಪಾಟರಿ ಟೌನ್ ಎಂಬ ಕುಂಬಾರರ ಬೀದಿ ಇದೆ, ಗಣಪತಿ ಹಬ್ಬಕ್ಕೆ ಮೂರ್ತಿ ತರಲು ಹೋದವರಿಗೆಲ್ಲ ಗೊತ್ತು. ನಮ್ಮ ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಆ ಹೆಸರಿಗೊಂದು ನೆಲದಡಿಯ ನಿಲ್ದಾಣವನ್ನೂ ಕೊಟ್ಟಿದ್ದಾರೆ. ಆ ಬೀದಿಯಲ್ಲಿ ಈಚೆಗೆ ಅತಿ ಹೆಚ್ಚು ಮಣ್ಣು ತೆಗೆದವರು ಕುಂಬಾರರಲ್ಲ, ಸುರಂಗ ಕೊರೆದವರು.

ಅದೇ ನಗರದ ಇನ್ನೊಂದು ತುದಿಯಲ್ಲಿ ಭಾನುವಾರದ ಪಾಟರಿ ಕಾರ್ಯಾಗಾರಗಳು ತುಂಬಿ ತುಳುಕುತ್ತಿವೆ. ವಾರವಿಡೀ ಕೀಬೋರ್ಡ್ ಒತ್ತಿದ ಬೆರಳುಗಳು ವಾರಾಂತ್ಯಕ್ಕೆ ಮಣ್ಣಿಗೆ ಇಳಿಯುತ್ತವೆ. ಒಳ್ಳೆಯದೇ, ಮಣ್ಣು ಮನಸ್ಸನ್ನು ತಣಿಸುತ್ತದೆ. ಕಲಿಸುವವರು ಆರಂಭದಲ್ಲೇ ಅಭಯ ಕೊಡುತ್ತಾರೆ: ಸೊಟ್ಟಗಾದರೂ ಚಿಂತೆಯಿಲ್ಲ, ಅದು ವಾಬಿ-ಸಾಬಿ, ಕೊರೆಯಲ್ಲೇ ಚೆಲುವು ಕಾಣುವ ಜಪಾನಿನ ದೃಷ್ಟಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರ ಇದೆ, ಅಲ್ಲಿನ ಮಣ್ಣಿಗೆ ಹೆಸರಿದೆ. ಅಲ್ಲಿ ಕಲಿತ ಹುಡುಗ ಸೊಟ್ಟ ಗಡಿಗೆಯನ್ನು ಸಂತೆಗೆ ತಂದರೆ ಯಾರೂ ಜಪಾನನ್ನು ನೆನೆಯುವುದಿಲ್ಲ, ಅರ್ಧ ರೇಟಿಗೆ ಕೇಳುತ್ತಾರೆ. ಸೊಟ್ಟ ಒಂದೇ, ಪಿನ್‌ಕೋಡ್ ಬೇರೆ.

ಕಲಾವಿದರ ಮೇಲೆ ನನಗೆ ಹಗೆ ಇಲ್ಲ. ಪಾಂಡಿಚೇರಿಯಲ್ಲಿ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದ ರೇ ಮೀಕರ್, ಡೆಬೊರಾ ಸ್ಮಿತ್ ಅವರಿಂದ ಕಲಿತು ಹೋದ ಒಂದು ದೊಡ್ಡ ಪೀಳಿಗೆಯೇ ನಮ್ಮಲ್ಲಿದೆ. ಮಣ್ಣು ಕಲಸುವುದು, ಆವಿಗೆ ಕಟ್ಟುವುದು, ರಾತ್ರಿ ಎದ್ದು ಬೆಂಕಿ ನೋಡುವುದು ಎಲ್ಲವನ್ನೂ ಸ್ವತಃ ಮಾಡುವವರು ಅವರಲ್ಲಿ ಅನೇಕರು. ಅವರು ಸಹಿ ಹಾಕಿದರೆ ಅದು ನ್ಯಾಯದ ಸಹಿ. ನನ್ನ ತಕರಾರು ಇರುವುದು ‘ಗೋಡೆ ಬಿದ್ದಿದೆ’ ಎಂಬ ಭಾಷಣದ ಮೇಲೆ. ಬಿದ್ದಿದ್ದರೆ ಕಲಾವಿದ ಕುಂಬಾರನ ಕಡೆಗೆ ಹೋದಷ್ಟೇ ಸಲೀಸಾಗಿ ಕುಂಬಾರ ಕಲಾವಿದನ ಕಡೆಗೆ ಬರಬೇಕಿತ್ತಲ್ಲ? ಪೆರಿ 2011ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಭಂಡಾರದಿಂದ ಹೆಸರಿಲ್ಲದ ಕುಶಲಕರ್ಮಿಗಳ ವಸ್ತುಗಳನ್ನು ಆರಿಸಿ, ತಮ್ಮ ಕೃತಿಗಳ ಜೊತೆಗಿಟ್ಟು ‘ಅಜ್ಞಾತ ಕುಶಲಕರ್ಮಿಯ ಗೋರಿ’ ಎಂಬ ಪ್ರದರ್ಶನ ಮಾಡಿದರು. ಒಳ್ಳೆಯ ಮನಸ್ಸಿನ ಕೆಲಸ. ಪೋಸ್ಟರಿನ ಮೇಲೆ ಮಾತ್ರ ಗ್ರೇಸನ್ ಪೆರಿ ಎಂದೇ ಇತ್ತು. ಗೋರಿಯಲ್ಲೂ ಅಜ್ಞಾತನಿಗೆ ಬಾಡಿಗೆ ಕೋಣೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಪಿಕಾಸೊನ ತಟ್ಟೆ ತಿರುಗಿಸಿ ನೋಡಲು ಹೇಳುತ್ತೇನೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಿಕಾಸೊ ದಕ್ಷಿಣ ಫ್ರಾನ್ಸಿನ ವಾಲೊರಿಸ್ ಎಂಬ ಕುಂಬಾರರ ಊರಿಗೆ ಹೋಗಿ, ಸುಜಾನ್ ಮತ್ತು ಜಾರ್ಜ್ ರಾಮಿಯೆ ದಂಪತಿಯ ಮದೂರಾ ಕಾರ್ಯಶಾಲೆಯಲ್ಲಿ ಸಾವಿರಾರು ತಟ್ಟೆ, ಹೂಜಿ, ಹೂದಾನಿಗಳನ್ನು ಚಿತ್ರಿಸಿದ. ಅಲ್ಲಿಂದ ಹೊರಬಂದ ಪ್ರತಿಗಳ ತಳದಲ್ಲಿ ಪಿಕಾಸೊನ ಹೆಸರಿನ ಜೊತೆಗೆ ಮದೂರಾದ ಮುದ್ರೆಯೂ ಇದೆ. ವಿನಯಕ್ಕೆ ಎಂದೂ ಹೆಸರಾಗದ ಆ ಮನುಷ್ಯನ ತಟ್ಟೆಯ ಅಡಿಯಲ್ಲೇ ಕಾರ್ಯಶಾಲೆಗೊಂದು ಜಾಗ ಸಿಕ್ಕಿತ್ತು. ನಮ್ಮ ಕನ್ನಡ ಸಿನಿಮಾ ಮುಗಿದ ಮೇಲೆ ಲೈಟ್ ಹಿಡಿದ ಹುಡುಗ, ಊಟ ತಂದವನು, ವ್ಯಾನ್ ಓಡಿಸಿದವನು ಎಲ್ಲರ ಹೆಸರೂ ಪರದೆಯ ಮೇಲೆ ಹೋಗುತ್ತವೆ. ಕೆಟ್ಟ ಸಿನಿಮಾಕ್ಕೂ ಅಷ್ಟು ಮರ್ಯಾದೆ ಇದೆ.

ಬೇಡಿಕೆ ಒಂದೇ. ಕೃತಿಯ ಪಕ್ಕದ ಫಲಕದಲ್ಲಿ ಕಲಾವಿದನ ಹೆಸರಿನ ಕೆಳಗೆ ಮಣ್ಣು ತುಳಿದವರ, ತಿಗರಿ ತಿರುಗಿಸಿದವರ, ಆವಿಗೆ ಸುಟ್ಟವರ ಹೆಸರು ಬರಲಿ. ಬೆಲೆಯಲ್ಲಿ ಅವರ ಪಾಲೂ ಬರಲಿ. ಗ್ಯಾಲರಿಯವರು ಏನು ಹೇಳುತ್ತಾರೆಂದು ನನಗೆ ಗೊತ್ತು: ಸಾರ್, ಐಡಿಯಾ ತುಂಬ ಚೆನ್ನಾಗಿದೆ, ಆದರೆ ಅಷ್ಟೊಂದು ಹೆಸರಿಗೆ ಜಾಗ ಸಾಲದು. ಯಾಕೆ ಸಾಲದು ಸ್ವಾಮಿ? ಸೋರಿಕೆಯ ತಾತ್ವಿಕತೆಗೆ ಇಡೀ ಗೋಡೆ ಬಿಟ್ಟುಕೊಟ್ಟಿದ್ದೀರಿ. ಅದರಲ್ಲಿ ಮೊದಲ ಪ್ಯಾರಾ ತೆಗೆಯಿರಿ, 1,600 ಜನರೂ ಹಿಡಿಸುತ್ತಾರೆ.